ಹಿಮದ ಮೇಲೊಂದು ಪಾಠಶಾಲೆ: ಹಾನ್ನೆಸ್ ಷ್ನೈಡರ್ ಬದುಕು

ಸ್ಕೀ ಶಿಕ್ಷಕರಾಗುವ ಬಯಕೆಯಿಂದ ಮೊದಲ ಹಂತದ ಪ್ರಮಾಣಪತ್ರ ತರಬೇತಿಗೆ ಸಿದ್ಧತೆ ನಡೆಸುವವರಿಗೆ ಆರಂಭದಲ್ಲೇ ಒಂದು ಅಚ್ಚರಿ ಕಾದಿರುತ್ತದೆ. ಕಡಿದಾದ ಪರ್ವತದ ಮೈಮೇಲೆ ಮಿಂಚಿನಂತೆ ಇಳಿಯಬಲ್ಲವರೂ ಅಲ್ಲಿ ಮಕ್ಕಳು ಕಲಿಯುವ ಅಲ್ಪ ಇಳಿಜಾರಿಗೆ ಮರಳಬೇಕಾಗುತ್ತದೆ. ಎರಡು ಸ್ಕೀಗಳ ಮುಂತುದಿಗಳನ್ನು ಹತ್ತಿರ ತಂದು, ಹಿಂತುದಿಗಳನ್ನು ಅಗಲಿಸಿ, ನಡಿಗೆಯ ವೇಗದಲ್ಲಿ ಇಳಿದು ತೋರಿಸಬೇಕಾಗುತ್ತದೆ. ಅಂದು ತಾನೇ ಮೊದಲ ಬಾರಿಗೆ ಹಿಮ ಮೆಟ್ಟಿದವರು ನೋಡಿ ಅನುಕರಿಸುವಷ್ಟು ಸ್ಪಷ್ಟವಾಗಿ ಆ ಚಲನೆ ಇರಬೇಕು. ಎಷ್ಟು ವೇಗವಾಗಿ ಇಳಿದರು ಎಂಬುದಕ್ಕಿಂತ, ಬಿದ್ದ ವಿದ್ಯಾರ್ಥಿ ಏಕೆ ಬಿದ್ದ ಎಂಬುದನ್ನು ಗುರುತಿಸಬಲ್ಲರೇ ಎಂಬುದೇ ಅಲ್ಲಿ ಮುಖ್ಯ.

ಸ್ಕೀ ಬಲ್ಲವರೆಲ್ಲರೂ ಸ್ಕೀ ಶಿಕ್ಷಕರಲ್ಲ, ಕಲಿಸುವುದನ್ನೂ ಪ್ರತ್ಯೇಕವಾಗಿ ಕಲಿಯಬೇಕು ಎಂಬ ಈ ತಿಳಿವಳಿಕೆ ಇಂದು ಸಹಜವೆನಿಸುತ್ತದೆ. ನೂರಿಪ್ಪತ್ತು ವರ್ಷಗಳ ಹಿಂದೆ ಅದು ಹಾಗಿರಲಿಲ್ಲ. ಅದನ್ನು ವ್ಯವಸ್ಥಿತವಾಗಿ ರೂಢಿಗೆ ತಂದವರಲ್ಲಿ ಮೊದಲಿಗರಾಗಿ ನಿಲ್ಲುವವರು ಆಸ್ಟ್ರಿಯಾದ ಆಲ್ಪ್ಸ್ ಪರ್ವತಶ್ರೇಣಿಯ ಪುಟ್ಟ ಹಳ್ಳಿಯೊಂದರಲ್ಲಿ ಹುಟ್ಟಿದ ಹಾನ್ನೆಸ್ ಷ್ನೈಡರ್. ಆಲ್ಪ್ಸ್‌ನಲ್ಲಿ ಸ್ಕೀ ಕಟ್ಟಿದವರಲ್ಲಿ ಅವರು ಮೊದಲಿಗರಲ್ಲ; ಅದರ ಬಗ್ಗೆ ಪುಸ್ತಕ ಬರೆದವರಲ್ಲಿಯೂ ಮೊದಲಿಗರಲ್ಲ. ಆದರೆ ಕೆಲವೇ ಸಾಹಸಿಗರ ಕೈಚಳಕವಾಗಿದ್ದ ವಿದ್ಯೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಯಾರಿಗೆ ಬೇಕಾದರೂ ಕಲಿಸಬಹುದಾದ ಪಾಠವನ್ನಾಗಿ ಮಾಡಿದ ಕೀರ್ತಿ ಅವರಿಗೆ ಸಲ್ಲುತ್ತದೆ. ಅಂಥ ವ್ಯಕ್ತಿಯನ್ನು ಅವರದೇ ಊರು 47ನೇ ವಯಸ್ಸಿನಲ್ಲಿ ಸೆರೆಮನೆಗೆ ಕಳುಹಿಸಿತು ಎಂಬುದು ಈ ಕಥೆಯ ಇನ್ನೊಂದು ಮುಖ.

ಕಣಿವೆ ದಾರಿಯ ಹುಡುಗ

ಷ್ನೈಡರ್ ಹುಟ್ಟಿದ್ದು 1890ರ ಜೂನ್ 24ರಂದು, ಫೋರಾರ್ಲ್‌ಬರ್ಗ್ ಪ್ರಾಂತದ ಷ್ಟೂಬೆನ್ ಎಂಬ ಹಳ್ಳಿಯಲ್ಲಿ. ಸಮುದ್ರಮಟ್ಟದಿಂದ 1,793 ಮೀಟರ್ ಎತ್ತರದ ಆರ್ಲ್‌ಬರ್ಗ್ ಕಣಿವೆ ದಾರಿಯ ಪಶ್ಚಿಮ ಬದಿಗೆ ಈ ಹಳ್ಳಿ ಇದೆ. ಹಿಂದೆ ಕುದುರೆಗಾಡಿಗಳಲ್ಲಿ ಪರ್ವತ ದಾಟುವವರೆಲ್ಲ ಈ ದಾರಿಯಲ್ಲೇ ಸಾಗಬೇಕಿತ್ತು. 1884ರಲ್ಲಿ ಹತ್ತು ಕಿಲೋಮೀಟರ್‌ಗೂ ಮೀರಿದ ಉದ್ದದ ರೈಲು ಸುರಂಗ ಸಿದ್ಧವಾದ ಬಳಿಕ ಹಳೆಯ ದಾರಿಯ ಸಂಚಾರ ಇಳಿಮುಖವಾಯಿತು. ಚಳಿಗಾಲ ಬಂತೆಂದರೆ ಷ್ಟೂಬೆನ್ ಹಿಮದ ನಡುವೆ ಹುದುಗಿಹೋಗುತ್ತಿತ್ತು. ಸುರಂಗದ ಪೂರ್ವ ದ್ವಾರದಲ್ಲಿದ್ದ ಸೇಂಟ್ ಆಂಟನ್ ಎಂಬ ಊರಿಗೆ ಮಾತ್ರ ರೈಲು ನಿಲ್ದಾಣದ ಭಾಗ್ಯ ದೊರೆಯಿತು. ಮುಂದೆ ಷ್ನೈಡರ್ ಬದುಕು ಬೆಳೆದದ್ದು ಆ ಊರಿನಲ್ಲೇ.

ಬ್ರೆಗೆಂಟ್ಸ್ ನಗರದ ವಿಕ್ಟರ್ ಸೋಮ್ ಆ ಪ್ರದೇಶದ ಸ್ಕೀ ಪ್ರವರ್ತಕರಲ್ಲಿ ಒಬ್ಬರು. ಅವರು ಈ ಹಳ್ಳಿಯ ಇಳಿಜಾರುಗಳಲ್ಲಿ ಜಾರುತ್ತಿದ್ದುದನ್ನು ಬಾಲಕ ಹಾನ್ನೆಸ್ ಬೆರಗಿನಿಂದ ನೋಡಿದ. ಉದ್ದನೆಯ ಎರಡು ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡರೆ ಸೊಂಟದವರೆಗೆ ಹೂತುಹೋಗುವ ಹಿಮದ ಮೇಲೂ ತೇಲಿದಂತೆ ಸಾಗಬಹುದು ಎಂಬ ಸಂಗತಿ ಆ ಮಗುವಿನ ಮನಸ್ಸನ್ನು ಹಿಡಿದಿಟ್ಟಿತು. ಮನೆಯಲ್ಲೇ ಸಿದ್ಧಪಡಿಸಿದ ಒರಟು ಹಲಗೆಗಳ ಮೇಲೆ ಅಭ್ಯಾಸ ಶುರುವಾಯಿತು. ಮುಂದೆ ಸೋಮ್ ಅವರ ಮಾರ್ಗದರ್ಶನವೂ ದೊರೆಯಿತು. ಷ್ನೈಡರ್ ಹತ್ತು ವರ್ಷದವರಾಗಿದ್ದಾಗ, 1901ರ ಜನವರಿಯಲ್ಲಿ, ಕಣಿವೆ ದಾರಿಯ ಮೇಲಿನ ಸೇಂಟ್ ಕ್ರಿಸ್ಟೋಫ್‌ನಲ್ಲಿ ಆರ್ಲ್‌ಬರ್ಗ್ ಸ್ಕೀ ಕ್ಲಬ್ ಸ್ಥಾಪನೆಯಾಯಿತು. ಹೊಸ ಆಟ ಕಣಿವೆಗೆ ಕಾಲಿಟ್ಟ ಹೊತ್ತಿನಲ್ಲೇ ಅದರ ಭಾವಿ ಗುರುವೂ ಬೆಳೆಯುತ್ತಿದ್ದ.

ಹೋಟೆಲ್ ಅಂಗಳದಿಂದ ಆರಂಭ

ಸೇಂಟ್ ಆಂಟನ್‌ನ ಹೋಟೆಲ್ ಪೋಸ್ಟ್ ಮಾಲೀಕ ಕಾರ್ಲ್ ಷೂಲರ್ ದೂರದೃಷ್ಟಿಯುಳ್ಳ ವ್ಯಾಪಾರಿ. ಬೇಸಿಗೆಯಲ್ಲಿ ಮಾತ್ರ ಬರುತ್ತಿದ್ದ ಪ್ರವಾಸಿಗರನ್ನು ಚಳಿಗಾಲದಲ್ಲಿಯೂ ಕರೆತರಬೇಕೆಂದರೆ ಅವರಿಗೆ ಸ್ಕೀ ಕಲಿಸುವವರೊಬ್ಬರು ಊರಲ್ಲಿರಬೇಕು ಎಂದು ಅವರು ಕಂಡುಕೊಂಡರು. 1907ರಲ್ಲಿ ಆ ಕೆಲಸಕ್ಕೆ ಅವರು ಆರಿಸಿದ್ದು 17ರ ಹರೆಯದ ಷ್ನೈಡರ್‌ನನ್ನು.

ಆ ದಿನಗಳಲ್ಲಿ ಸ್ಕೀ ಶಿಕ್ಷಕ ಎಂಬ ವೃತ್ತಿಗೆ ಪಠ್ಯವಿರಲಿಲ್ಲ, ಪರೀಕ್ಷೆ ಇರಲಿಲ್ಲ. ಯಾವ ವಿಧಾನವನ್ನು ಕಲಿಸಬೇಕೆಂಬುದರಲ್ಲೇ ಒಮ್ಮತವಿರಲಿಲ್ಲ. ನಾರ್ವೆಯಿಂದ ಬಂದ ಟೆಲಿಮಾರ್ಕ್ ಶೈಲಿಯಲ್ಲಿ ಒಂದು ಕಾಲನ್ನು ಮುಂದೆ ಚಾಚಿ, ಮತ್ತೊಂದರ ಮಂಡಿಯನ್ನು ಬಾಗಿಸಿ ತಿರುಗಬೇಕು. ಮೃದು ಹಿಮದ ದಿಬ್ಬಗಳಿಗೆ ಅದು ಸೊಗಸು; ಆಲ್ಪ್ಸ್‌ನ ಕಡಿದಾದ ಮೈಯಲ್ಲಿ ಮಾತ್ರ ಕಷ್ಟ. ಆಸ್ಟ್ರಿಯಾದ ಲಿಲಿಯನ್‌ಫೆಲ್ಡ್‌ನಲ್ಲಿ ಮಥಿಯಾಸ್ ಜ್ಡಾರ್ಸ್ಕಿ ಅವರು ಹಿಂತುದಿಯನ್ನು ಹೊರಗೆ ತಳ್ಳಿ ವೇಗ ತಗ್ಗಿಸುವ ವಿಧಾನವನ್ನು ರೂಪಿಸಿ, 19ನೇ ಶತಮಾನದ ಕೊನೆಯಲ್ಲಿ ಪುಸ್ತಕವನ್ನೂ ಪ್ರಕಟಿಸಿದ್ದರು. ಅವರದು ಒಂದೇ ಉದ್ದನೆಯ ಕೋಲಿನ ಪದ್ಧತಿ. ಸೇನಾಧಿಕಾರಿ ಗಿಯಾರ್ಗ್ ಬಿಲ್ಗೆರಿ ಎರಡು ಕೋಲುಗಳ ಪರ ನಿಂತರು. ಇವರ ಬೆಂಬಲಿಗರ ನಡುವೆ ತೀವ್ರ ವಾಗ್ವಾದಗಳೇ ನಡೆದಿದ್ದವು.

ಷ್ನೈಡರ್ ಈ ವಾದಗಳಿಗೆ ಉತ್ತರ ಹುಡುಕಿದ್ದು ಇಳಿಜಾರಿನ ಮೇಲೆ. ವೇಗವಾಗಿ ಇಳಿಯುವಾಗ ನೆಟ್ಟಗೆ ನಿಂತರೆ ದೇಹ ಹಿಂದಕ್ಕೆ ವಾಲುತ್ತದೆ, ಹಿಡಿತ ತಪ್ಪುತ್ತದೆ. ಮಂಡಿ ಮತ್ತು ಸೊಂಟವನ್ನು ಬಾಗಿಸಿ, ಮೈಯನ್ನು ತಗ್ಗಿಸಿ, ಭಾರವನ್ನು ಮುಂದಕ್ಕೆ ತಂದರೆ ಅದೇ ವೇಗದಲ್ಲಿ ಕಾಲುಗಳು ಹೇಳಿದಂತೆ ಕೇಳುತ್ತವೆ. ಈ ತಗ್ಗಿದ ನಿಲುವೇ ಅವರ ಗುರುತಾಯಿತು. ಮುಂದೆ ಜಗತ್ತು ಅದನ್ನು ಆರ್ಲ್‌ಬರ್ಗ್ ವಿಧಾನವೆಂದು ಕರೆಯಿತು.

ಮೆಟ್ಟಿಲುಗಳ ಪಾಠ

ಆದರೆ ಷ್ನೈಡರ್ ಅವರ ನಿಜವಾದ ಕೊಡುಗೆ ನಿಲುವಿಗಿಂತ ಕ್ರಮದಲ್ಲಿದೆ. ಅವರು ಚಲನೆಗಳನ್ನು ಒಂದರ ಮೇಲೊಂದು ಕಟ್ಟುವ ಇಟ್ಟಿಗೆಗಳಂತೆ ಜೋಡಿಸಿದರು. ಮೊದಲನೆಯದು ಹಿಮನೇಗಿಲು. ಸ್ಕೀಗಳ ಮುಂತುದಿ ಕೂಡಿಸಿ ಹಿಂತುದಿ ಅಗಲಿಸಿದಾಗ ನೇಗಿಲಿನ ಆಕಾರ ಬರುತ್ತದೆ. ಒಳ ಅಂಚುಗಳು ಹಿಮವನ್ನು ಉಜ್ಜಿ ವೇಗ ತಗ್ಗುತ್ತದೆ. ಹೆದರಿದವರಿಗೆ ಮೊದಲು ಬೇಕಾದದ್ದು ನಿಲ್ಲಬಲ್ಲೆನೆಂಬ ಧೈರ್ಯ. ಅದನ್ನು ಈ ಚಲನೆ ಕೊಡುತ್ತದೆ. ಅದೇ ಭಂಗಿಯಲ್ಲಿ ಬಲಗಾಲಿನ ಮೇಲೆ ಭಾರ ಹಾಕಿದರೆ ಎಡಕ್ಕೆ, ಎಡಗಾಲಿನ ಮೇಲೆ ಹಾಕಿದರೆ ಬಲಕ್ಕೆ ತಿರುವು ಸಿಗುತ್ತದೆ.

ಎರಡನೆಯದು ಸ್ಟೆಮ್ ತಿರುವು. ಇಳಿಜಾರಿಗೆ ಅಡ್ಡವಾಗಿ ಎರಡೂ ಸ್ಕೀ ಸಮಾನಾಂತರವಾಗಿ ಸಾಗುತ್ತಿರುವಾಗ ಮೇಲ್ಬದಿಯ ಸ್ಕೀಯ ಹಿಂತುದಿಯನ್ನು ಮಾತ್ರ ಹೊರಚಾಚಿ, ಭಾರವನ್ನು ಅದಕ್ಕೆ ವರ್ಗಾಯಿಸಿ ತಿರುಗುವುದು. ಮೂರನೆಯದು ಸ್ಟೆಮ್ ಕ್ರಿಸ್ಟಿಯಾನಿಯ. ತಿರುವು ಸ್ಟೆಮ್‌ನಲ್ಲಿ ಆರಂಭವಾದರೂ ನಡುವೆ ಒಳಗಾಲನ್ನು ಸೇರಿಸಿಕೊಂಡು, ಎರಡೂ ಸ್ಕೀಗಳನ್ನು ಜೊತೆಯಾಗಿ ಜಾರಿಸುತ್ತ ಮುಗಿಸಬೇಕು. ನಾರ್ವೆಯ ರಾಜಧಾನಿ ಓಸ್ಲೋದ ಹಳೆಯ ಹೆಸರಿನಿಂದ ಬಂದ ಪದ ಅದು. ಕೊನೆಯ ಮೆಟ್ಟಿಲಲ್ಲಿ ಸ್ಟೆಮ್ ಕೂಡ ಕಳಚಿಹೋಗಿ ಇಡೀ ತಿರುವು ಸಮಾನಾಂತರವಾಗುತ್ತದೆ.

ಪ್ರತಿ ಮೆಟ್ಟಿಲಿನಲ್ಲೂ ಹಿಂದಿನದು ಅಡಗಿದೆ. ಹಿಮನೇಗಿಲಿನಲ್ಲಿ ಭಾರ ವರ್ಗಾಯಿಸಲು ಕಲಿಯದವರು ಸ್ಟೆಮ್‌ನಲ್ಲಿ ಎಡವುತ್ತಾರೆ. ಸ್ಟೆಮ್‌ನಲ್ಲಿ ಅವಸರ ಮಾಡಿದವರು ಕ್ರಿಸ್ಟಿಯಾನಿಯದಲ್ಲಿ ಬೀಳುತ್ತಾರೆ. ಹೀಗಾಗಿ ಶಿಕ್ಷಕನಿಗೆ ತಪ್ಪಿನ ಮೂಲವನ್ನು ಹುಡುಕಲು ದಾರಿಯೊಂದು ಸಿಕ್ಕಿತು. ವಿದ್ಯಾರ್ಥಿ ಬಿದ್ದನೆಂದರೆ ಗದರುವುದಲ್ಲ, ಒಂದು ಮೆಟ್ಟಿಲು ಕೆಳಗಿಳಿಸಿ ಅಲ್ಲಿಂದ ಮತ್ತೆ ಕರೆದೊಯ್ಯುವುದು.

ಯುದ್ಧ ಕಲಿಸಿದ ಪಾಠ

1914ರಲ್ಲಿ ಮೊದಲ ಮಹಾಯುದ್ಧ ಸಿಡಿಯಿತು. ಷ್ನೈಡರ್ ಆಸ್ಟ್ರಿಯಾ-ಹಂಗೇರಿ ಸೇನೆಯಲ್ಲಿ ಸೇವೆ ಸಲ್ಲಿಸಿದರು. ಇಟಲಿಯ ಗಡಿಯ ಪರ್ವತಗಳಲ್ಲಿ ಎರಡೂ ಕಡೆಯ ಸೈನಿಕರು ಹಿಮದ ನಡುವೆಯೇ ಚಳಿಗಾಲಗಳನ್ನು ಕಳೆಯಬೇಕಾದ ಕಾಲ ಅದು. ಪರ್ವತ ಪಡೆಗಳ ಸೈನಿಕರಿಗೆ ಸ್ಕೀ ಕಲಿಸುವ ಹೊಣೆ ಷ್ನೈಡರ್ ಅವರಿಗೆ ಬಂತು. ಹೋಟೆಲ್‌ನ ಅತಿಥಿಗಳಿಗೆ ಒಬ್ಬೊಬ್ಬರಿಗಾಗಿ ಕಲಿಸುವುದು ಬೇರೆ. ಹಿಮವನ್ನೇ ಕಾಣದ ಊರುಗಳಿಂದ ಬಂದವರೂ ಸೇರಿದಂತೆ ದೊಡ್ಡ ಗುಂಪಿಗೆ ಅಲ್ಪ ಸಮಯದಲ್ಲಿ ಕಲಿಸುವುದು ಬೇರೆ. ಗುಂಪನ್ನು ವಿಂಗಡಿಸುವುದು, ಎಲ್ಲರಿಗೂ ಒಂದೇ ಸೂಚನೆ ಕೊಡುವುದು, ಎಲ್ಲರನ್ನೂ ಕಣ್ಣಳತೆಯಲ್ಲಿಟ್ಟುಕೊಳ್ಳುವುದು ಅಲ್ಲಿ ಅನಿವಾರ್ಯವಾಗಿತ್ತು. ಯುದ್ಧ ಮುಗಿದು ಊರಿಗೆ ಮರಳಿದಾಗ ಈ ಅನುಭವ ಅವರ ಶಾಲೆಗೆ ತಳಹದಿಯಾಯಿತು.

ಷ್ನೈಡರ್ ಅವರಿಗೂ ಇದಕ್ಕೂ ನೇರ ನಂಟಿಲ್ಲದಿದ್ದರೂ, ಭಾರತದಲ್ಲಿಯೂ ವ್ಯವಸ್ಥಿತ ಸ್ಕೀ ತರಬೇತಿ ಇಂಥದೇ ಸೈನಿಕ ಅಗತ್ಯದಿಂದ ಬೆಳೆಯಿತು ಎಂಬುದು ಕನ್ನಡಿಗರಿಗೆ ವಿಶೇಷ ಆಸಕ್ತಿಯ ಸಂಗತಿ. 1948ರ ಡಿಸೆಂಬರ್‌ನಲ್ಲಿ ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಸೇನೆಯ 19ನೇ ಪದಾತಿ ಡಿವಿಷನ್ ಒಂದು ಸ್ಕೀ ಶಾಲೆಯನ್ನು ಆರಂಭಿಸಿತು. ಆ ಡಿವಿಷನ್‌ನ ನೇತೃತ್ವ ವಹಿಸಿದ್ದವರು ಕೊಡಗಿನ ವೀರಪುತ್ರ ಕೆ. ಎಸ್. ತಿಮ್ಮಯ್ಯ. ಆ ಶಾಲೆಯೇ ಬೆಳೆದು 1962ರಲ್ಲಿ ಅತಿ ಎತ್ತರದ ಪ್ರದೇಶಗಳ ಯುದ್ಧ ತರಬೇತಿ ಶಾಲೆ ಎಂಬ ಹೆಸರು ಪಡೆಯಿತು.

ಶಿಕ್ಷಕರಿಗೂ ಶಿಕ್ಷಣ

1920ರ ದಶಕದ ಆರಂಭದಲ್ಲಿ ಸೇಂಟ್ ಆಂಟನ್‌ನಲ್ಲಿ ಷ್ನೈಡರ್ ಅವರ ಸ್ಕೀ ಶಾಲೆ ಪೂರ್ಣಪ್ರಮಾಣದ ಸಂಸ್ಥೆಯಾಗಿ ರೂಪುಗೊಂಡಿತು. ಬಂದವರನ್ನು ಮೊದಲು ಇಳಿಜಾರಿನ ಮೇಲೆ ಪರೀಕ್ಷಿಸಿ, ಸಾಮರ್ಥ್ಯಕ್ಕೆ ತಕ್ಕ ತರಗತಿಗೆ ಸೇರಿಸಲಾಗುತ್ತಿತ್ತು. ಶ್ರೀಮಂತರಿಗೊಂದು, ಸಾಮಾನ್ಯರಿಗೊಂದು ತರಗತಿ ಎಂಬ ಭೇದವಿಲ್ಲ, ಮೆಟ್ಟಿಲೇ ಅಳತೆಗೋಲು. ಒಂದು ತರಗತಿಯ ಪಾಠ ಕೈಗೂಡಿದ ಮೇಲೆಯೇ ಮುಂದಿನ ತರಗತಿಗೆ ಬಡ್ತಿ.

ಈ ಏರ್ಪಾಡು ನಡೆಯಬೇಕಾದರೆ ಶಿಕ್ಷಕರೆಲ್ಲರೂ ಒಂದೇ ವಿಧಾನವನ್ನು ಅನುಸರಿಸಬೇಕಿತ್ತು. ಇಂದು ಒಬ್ಬರ ಬಳಿ ಕಲಿತ ವಿದ್ಯಾರ್ಥಿ ನಾಳೆ ಬಡ್ತಿ ಪಡೆದು ಮತ್ತೊಬ್ಬರ ಬಳಿ ಹೋದಾಗ ಮೊದಲಿನ ಪಾಠ ಸುಳ್ಳಾಗಬಾರದು. ಆದ್ದರಿಂದ ಷ್ನೈಡರ್ ತಮ್ಮ ಸಹಾಯಕರಿಗೆ ಮೊದಲು ತಾವೇ ಗುರುವಾದರು. ಆ ಕಣಿವೆಯ ಹಳ್ಳಿಗಳಲ್ಲಿ ಹುಟ್ಟಿ ಬೆಳೆದ ಯುವಕರಿಗೆ ಸ್ಕೀ ನಡಿಗೆಯಷ್ಟೇ ಸಲೀಸು. ಆ ಸಲೀಸೇ ಕಲಿಸುವಾಗ ತೊಡಕಾಗುತ್ತದೆ. ತಾನು ಯೋಚಿಸದೆ ಮಾಡುವುದನ್ನು ಬಿಡಿಸಿ ಹೇಳುವುದು ಬಲ್ಲವರಿಗೇ ಹೆಚ್ಚು ಕಷ್ಟ. ಹೀಗಾಗಿ ಅವರು ತಮಗೆ ಗೊತ್ತಿದ್ದ ವಿದ್ಯೆಯನ್ನೇ ಒಡೆದು, ನಿಧಾನಗೊಳಿಸಿ, ಮತ್ತೆ ಮೊದಲಿನಿಂದ ಅಭ್ಯಾಸ ಮಾಡಬೇಕಾಯಿತು. ಇಂದಿನ ಮೊದಲ ಹಂತದ ಪ್ರಮಾಣಪತ್ರ ತರಬೇತಿ ಬೇಡುವುದೂ ಬಹುಪಾಲು ಇದನ್ನೇ.

ಶಾಲೆಯ ಶಿಸ್ತು ಷ್ನೈಡರ್ ಅವರ ವ್ಯಕ್ತಿತ್ವದ ಪ್ರತಿಬಿಂಬವೂ ಆಗಿತ್ತು. ಮಿತಭಾಷಿಯಾದ ಅವರಿಗೆ ಸುರಕ್ಷತೆಯ ವಿಷಯದಲ್ಲಿ ರಾಜಿ ಎಂಬುದು ಒಪ್ಪಿಗೆಯಾಗುತ್ತಿರಲಿಲ್ಲ. ಚಳಿಗಾಲದಲ್ಲಿ ಕೆಲಸವಿಲ್ಲದೆ ಕೂರುತ್ತಿದ್ದ ಹಳ್ಳಿಯ ಯುವಕರಿಗೆ ಈ ಶಾಲೆಯಿಂದ ಗೌರವದ ವೃತ್ತಿಯೊಂದು ದೊರೆಯಿತು. ಊರಿನ ಹೋಟೆಲ್‌ಗಳು, ಅಂಗಡಿಗಳು, ಸ್ಕೀ ತಯಾರಿಸುವ ಕುಶಲಕರ್ಮಿಗಳು ಎಲ್ಲರ ಬದುಕೂ ಅದರ ಸುತ್ತ ಬೆಳೆಯಿತು. 1937ರಲ್ಲಿ ಗಾಲ್ಟ್ಸಿಗ್ ಶಿಖರಕ್ಕೆ ಕೇಬಲ್ ಕಾರ್ ಕೂಡ ಬಂತು.

ಬೆಳ್ಳಿತೆರೆಯ ಮೇಲೆ

ಈ ಪ್ರಸಿದ್ಧಿಗೆ ಸಿನಿಮಾ ಕೂಡ ನೆರವಾಯಿತು. ಜರ್ಮನಿಯ ಡಾ. ಆರ್ನಾಲ್ಡ್ ಫಾಂಕ್ ಪರ್ವತ ಚಿತ್ರಗಳ ನಿರ್ದೇಶಕರೆಂದೇ ಹೆಸರಾದವರು. 1920ರಲ್ಲಿ ಬಂದ ಅವರ ‘ದಸ್ ವುಂಡರ್ ದೆಸ್ ಷ್ನೇಷೂಸ್’ ಎಂಬ ಮೂಕಿಚಿತ್ರದಲ್ಲಿ ಷ್ನೈಡರ್ ಕಾಣಿಸಿಕೊಂಡರು. ಹಿಮಪಾದುಕೆಯ ಅದ್ಭುತ ಎಂಬುದು ಆ ಹೆಸರಿನ ಅರ್ಥ. ಮುಂದೆ ಇಬ್ಬರೂ ಸೇರಿ ಇದೇ ಹೆಸರಿನ ಪುಸ್ತಕವೊಂದನ್ನು ಹೊರತಂದರು. ಚಲನಚಿತ್ರದ ಚೌಕಟ್ಟುಗಳನ್ನು ಸಾಲಾಗಿ ಮುದ್ರಿಸಿ ಒಂದೊಂದು ತಿರುವಿನ ಪ್ರತಿ ಕ್ಷಣವನ್ನೂ ಓದುಗರ ಮುಂದಿಟ್ಟದ್ದು ಆ ಪುಸ್ತಕದ ವಿಶೇಷ. ಕಣ್ಣು ಹಿಡಿಯಲಾರದ ಚಲನೆಯನ್ನು ನಿಲ್ಲಿಸಿ ನೋಡುವ ಈ ರೀತಿ, ಇಂದು ತರಬೇತಿಗಳಲ್ಲಿ ವಿಡಿಯೊ ತೋರಿಸಿ ತಪ್ಪು ತಿದ್ದುವ ಪದ್ಧತಿಗೆ ಪೂರ್ವಸೂರಿ ಎನ್ನಬಹುದು.

1931ರಲ್ಲಿ ತೆರೆಕಂಡ ‘ದೆರ್ ವೈಸ್ಸೆ ರೌಷ್’ ಚಿತ್ರದಲ್ಲಿ ಲೆನಿ ರೀಫೆನ್‌ಸ್ಟಾಲ್ ಜೊತೆ ಷ್ನೈಡರ್ ನಟಿಸಿದರು. ಸ್ಕೀ ಬಾರದ ಯುವತಿಯೊಬ್ಬಳು ಆರ್ಲ್‌ಬರ್ಗ್‌ನಲ್ಲಿ ಆ ವಿದ್ಯೆ ಕಲಿಯುವ ಹಾಸ್ಯಭರಿತ ಕಥೆ ಅದು. ತೆರೆಯ ಮೇಲೆ ಹತ್ತಾರು ಸ್ಕೀಗಾರರು ಹಿಮದ ಧೂಳೆಬ್ಬಿಸಿ ಇಳಿಯುವ ದೃಶ್ಯಗಳನ್ನು ಕಂಡ ನಗರವಾಸಿಗಳು ಸೇಂಟ್ ಆಂಟನ್‌ಗೆ ರೈಲು ಹತ್ತಿದರು.

ಬ್ರಿಟನ್ನಿನ ಆರ್ನಾಲ್ಡ್ ಲನ್ ಆಧುನಿಕ ಸ್ಲಾಲಂ ಸ್ಪರ್ಧೆಯ ಪ್ರವರ್ತಕರು. ಅವರೂ ಷ್ನೈಡರ್ ಅವರೂ ಸೇರಿ 1928ರಲ್ಲಿ ಸೇಂಟ್ ಆಂಟನ್‌ನಲ್ಲಿ ಆರಂಭಿಸಿದ ಆರ್ಲ್‌ಬರ್ಗ್-ಕಂದಹಾರ್ ಸ್ಪರ್ಧೆ ಇಳಿಜಾರು ಸ್ಕೀ ಇತಿಹಾಸದ ಪ್ರತಿಷ್ಠಿತ ಸ್ಪರ್ಧೆಗಳಲ್ಲಿ ಒಂದಾಯಿತು. 1930ರಲ್ಲಿ ಆಹ್ವಾನದ ಮೇರೆಗೆ ಜಪಾನಿಗೆ ತೆರಳಿದ ಷ್ನೈಡರ್, ಅಲ್ಲಿನ ಸ್ಕೀ ಆಸಕ್ತರಿಗೆ ತಮ್ಮ ವಿಧಾನವನ್ನು ಪರಿಚಯಿಸಿದರು. 1936ರ ಡಿಸೆಂಬರ್‌ನಲ್ಲಿ ಅಮೆರಿಕದ ಬಾಸ್ಟನ್ ಹಾಗೂ ನ್ಯೂಯಾರ್ಕ್ ನಗರಗಳಲ್ಲಿ ಒಳಾಂಗಣದಲ್ಲೇ ಕೃತಕ ಇಳಿಜಾರು ನಿರ್ಮಿಸಿ ನಡೆಸಿದ ಪ್ರದರ್ಶನಗಳಲ್ಲಿಯೂ ಪಾಲ್ಗೊಂಡರು.

ಊರೇ ತಿರುಗಿಬಿದ್ದಾಗ

ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ನಂತರ ಗಡಿಯಾಚೆಯ ಆಸ್ಟ್ರಿಯಾದಲ್ಲಿಯೂ ನಾಜಿ ಬೆಂಬಲಿಗರು ಬಲಗೊಂಡರು. ಸೇಂಟ್ ಆಂಟನ್ ಇದಕ್ಕೆ ಹೊರತಾಗಿರಲಿಲ್ಲ. ಷ್ನೈಡರ್ ನಾಜಿಗಳ ವಿರೋಧಿ. ತಮ್ಮ ಶಾಲೆಯೊಳಗೆ ಆ ರಾಜಕೀಯಕ್ಕೆ ಎಡೆಗೊಡಲು ಅವರು ಸಿದ್ಧರಿರಲಿಲ್ಲ. ಇನ್ನೊಂದು ಕಾರಣವೂ ಇತ್ತು. ಊರಿನ ಪ್ರವಾಸೋದ್ಯಮವನ್ನು ಕಟ್ಟಿದವರಲ್ಲಿ ಪ್ರಮುಖರಾದ, ವಿಯೆನ್ನಾದ ಯಹೂದಿ ಮನೆತನದಲ್ಲಿ ಹುಟ್ಟಿದ ಎಂಜಿನಿಯರ್ ರುಡಾಲ್ಫ್ ಗೊಂಪರ್ಟ್ಸ್ ಅವರ ಗೆಳೆತನವನ್ನು ಷ್ನೈಡರ್ ಬಿಟ್ಟುಕೊಟ್ಟಿರಲಿಲ್ಲ.

1938ರ ಮಾರ್ಚ್ 12ರಂದು ಜರ್ಮನ್ ಸೇನೆ ಆಸ್ಟ್ರಿಯಾ ಪ್ರವೇಶಿಸಿತು. ಅದರ ಬೆನ್ನಲ್ಲೇ ಷ್ನೈಡರ್ ಅವರನ್ನು ಬಂಧಿಸಿ ಲಾಂಡೆಕ್ ಪಟ್ಟಣದ ಸೆರೆಮನೆಗೆ ಒಯ್ಯಲಾಯಿತು. ಊರಿನ ನಾಜಿ ಬೆಂಬಲಿಗರಲ್ಲಿ ಅವರದೇ ಶಾಲೆಯಲ್ಲಿ ದುಡಿದವರೂ ಇದ್ದರು. ಮೂರು ದಶಕ ಕಾಲ ಆ ಊರಿಗೆ ಅನ್ನದ ದಾರಿ ತೋರಿದವರಿಗೆ ಸಿಕ್ಕ ಪ್ರತಿಫಲ ಇದು. ಅದೇ ಸಮಯಕ್ಕೆ ಸೇಂಟ್ ಆಂಟನ್‌ನಲ್ಲಿ ನಡೆಯಬೇಕಿದ್ದ ಆರ್ಲ್‌ಬರ್ಗ್-ಕಂದಹಾರ್ ಸ್ಪರ್ಧೆಯನ್ನು ಆರ್ನಾಲ್ಡ್ ಲನ್ ರದ್ದುಪಡಿಸಿದರು. ಷ್ನೈಡರ್ ಇಲ್ಲದ ಊರಿನಲ್ಲಿ ಅವರು ಕಟ್ಟಿದ ಸ್ಪರ್ಧೆ ನಡೆಯುವುದು ಅವರಿಗೆ ಒಪ್ಪಿಗೆಯಾಗಲಿಲ್ಲ.

ಬಂಧನದ ಸುದ್ದಿ ಹಲವು ದೇಶಗಳ ಸ್ಕೀ ವಲಯದಲ್ಲಿ ತಳಮಳ ಉಂಟುಮಾಡಿತು. ಜರ್ಮನಿಯ ಗಾರ್ಮಿಷ್-ಪಾರ್ಟೆನ್‌ಕಿರ್ಷೆನ್‌ನ ವಕೀಲ ಡಾ. ಕಾರ್ಲ್ ರೋಸೆನ್ ಅವರ ಪ್ರಯತ್ನದಿಂದ ಷ್ನೈಡರ್ ಸೆರೆಮನೆಯಿಂದ ಹೊರಬಂದರು. ಆದರೆ ಮನೆಗೆ ಮರಳುವಂತಿರಲಿಲ್ಲ. ಗಾರ್ಮಿಷ್‌ನಲ್ಲಿಯೇ ನಿಗಾದಲ್ಲಿ ಉಳಿಯಬೇಕಾಯಿತು. ತಾವು ಕಟ್ಟಿದ ಶಾಲೆ ಕೈತಪ್ಪಿತ್ತು. ಮುಂದೇನು ಎಂಬುದು ಅನಿಶ್ಚಿತವಾಗಿತ್ತು.

ಗೊಂಪರ್ಟ್ಸ್ ಅವರಿಗೆ ಆ ಪಾಲಿನ ಅದೃಷ್ಟವೂ ಇರಲಿಲ್ಲ. 1942ರ ಮೇ ತಿಂಗಳಲ್ಲಿ ಅವರನ್ನು ವಿಯೆನ್ನಾದಿಂದ ಗಡೀಪಾರು ಮಾಡಿ, ಮಿನ್ಸ್ಕ್ ಬಳಿಯ ಮಾಲಿ ಟ್ರಾಸ್ಟಿನೆಟ್ಸ್‌ನಲ್ಲಿ ಹತ್ಯೆ ಮಾಡಲಾಯಿತು. ಸೇಂಟ್ ಆಂಟನ್‌ನ ಏಳಿಗೆಯ ಇತಿಹಾಸವನ್ನು ಬರೆಯುವವರು ಈ ಹೆಸರನ್ನು ದಾಟಿ ಹೋಗುವಂತಿಲ್ಲ.

ಅಮೆರಿಕದಲ್ಲಿ ಎರಡನೇ ಬದುಕು

ಷ್ನೈಡರ್ ಅವರಿಗೆ ಬಿಡುಗಡೆಯ ಬಾಗಿಲು ತೆರೆದದ್ದು ದೂರದ ಅಮೆರಿಕದಿಂದ. ನ್ಯೂ ಹ್ಯಾಂಪ್‌ಷೈರ್ ರಾಜ್ಯದ ನಾರ್ತ್ ಕಾನ್ವೇಯಲ್ಲಿ ಹುಟ್ಟಿ, ನ್ಯೂಯಾರ್ಕ್‌ನ ದೊಡ್ಡ ಬ್ಯಾಂಕೊಂದರ ಮುಖ್ಯಸ್ಥರಾಗಿದ್ದ ಹಾರ್ವಿ ಗಿಬ್ಸನ್ ತಮ್ಮ ಹುಟ್ಟೂರನ್ನು ಚಳಿಗಾಲದ ಪ್ರವಾಸಿ ತಾಣವಾಗಿಸುವ ಉತ್ಸಾಹದಲ್ಲಿದ್ದರು. ಅಲ್ಲಿ ಆರ್ಲ್‌ಬರ್ಗ್ ವಿಧಾನ ಆಗಲೇ ಬೇರೂರಿತ್ತು. ಸ್ಕೀ ಅಪಘಾತದಲ್ಲಿ ಬೆನ್ನುಮೂಳೆಗೆ ತೀವ್ರ ಪೆಟ್ಟು ಬಿದ್ದು ಆಸ್ಪತ್ರೆ ಸೇರಿದ್ದ ಕ್ಯಾರೊಲ್ ರೀಡ್ ಎಂಬವರು, ಸರಿಯಾಗಿ ಕಲಿಸುವವರಿದ್ದರೆ ಇಂಥ ಅವಘಡಗಳು ತಪ್ಪುತ್ತವೆ ಎಂದು ಮನಗಂಡು ಸ್ಕೀ ಶಾಲೆಯೊಂದನ್ನು ಆರಂಭಿಸಿದ್ದರು. ಅದಕ್ಕೆ ಶಿಕ್ಷಕರಾಗಿ ಬಂದವರು ಷ್ನೈಡರ್ ಅವರ ಶಿಷ್ಯ ಬೆನ್ನೋ ರಿಬಿಟ್ಸ್ಕಾ.

ಜರ್ಮನಿಗೆ ಕೊಟ್ಟ ಸಾಲಗಳ ಕುರಿತ ಮಾತುಕತೆಗಳಲ್ಲಿ ಗಿಬ್ಸನ್ ಅಮೆರಿಕದ ಬ್ಯಾಂಕುಗಳ ಪರ ಪಾತ್ರ ವಹಿಸಿದ್ದರು. ಆ ಪ್ರಭಾವವನ್ನು ಬಳಸಿ ಅವರು ಷ್ನೈಡರ್ ಕುಟುಂಬ ಜರ್ಮನಿ ಬಿಟ್ಟು ಹೊರಡಲು ಅನುಮತಿ ಪಡೆದರು. 1939ರ ಫೆಬ್ರವರಿ 11ರಂದು ಷ್ನೈಡರ್, ಪತ್ನಿ ಲುಡ್‌ವಿನಾ, ಮಕ್ಕಳಾದ ಹೆರ್ಟಾ ಮತ್ತು ಹರ್ಬರ್ಟ್ ನಾರ್ತ್ ಕಾನ್ವೇ ರೈಲು ನಿಲ್ದಾಣದಲ್ಲಿ ಇಳಿದರು. ಎರಡೂ ಬದಿಗೆ ನಿಂತ ಜನ ಸ್ಕೀ ಕೋಲುಗಳನ್ನು ಎತ್ತಿ ಹಿಡಿದು ಕಮಾನು ಕಟ್ಟಿದ್ದರು. ಅದರ ಅಡಿಯಲ್ಲಿ ನಡೆದು ಅವರು ಹೊಸ ಊರನ್ನು ಪ್ರವೇಶಿಸಿದರು.

ಐವತ್ತರ ಹೊಸ್ತಿಲಲ್ಲಿ, ಹೊಸ ಭಾಷೆಯ ನಾಡಿನಲ್ಲಿ, ಷ್ನೈಡರ್ ಮತ್ತೆ ಅಲ್ಪ ಇಳಿಜಾರಿನಿಂದಲೇ ಆರಂಭಿಸಿದರು. ಅಲ್ಲಿನ ಕ್ರಾನ್‌ಮೋರ್ ಬೆಟ್ಟ ಆಲ್ಪ್ಸ್‌ಗೆ ಹೋಲಿಸಿದರೆ ತೀರ ಚಿಕ್ಕದು, ಮರಗಳಿಂದ ತುಂಬಿದ್ದು. ಕಾಡಿನ ನಡುವಿನ ಇಕ್ಕಟ್ಟಾದ ಹಾದಿಗಳಲ್ಲಿ ಆರಂಭಿಕರು ತಿರುವು ಕಲಿಯುವುದು ಕಷ್ಟ ಎಂದು ಕಂಡ ಅವರು, ಮರಗಳನ್ನು ತೆರವುಗೊಳಿಸಿ ಅಗಲವಾದ ತೆರೆದ ಇಳಿಜಾರುಗಳನ್ನು ಸಿದ್ಧಪಡಿಸಲು ಮಾರ್ಗದರ್ಶನ ನೀಡಿದರು. ತಪ್ಪು ಮಾಡಿದರೂ ಪೆಟ್ಟಾಗದಂಥ ಜಾಗ ಕಲಿಯುವವರಿಗೆ ಬೇಕು ಎಂಬುದು ಅವರ ಶಿಕ್ಷಣ ಕ್ರಮದ ಭಾಗವೇ ಆಗಿತ್ತು.

ಎರಡನೇ ಮಹಾಯುದ್ಧದಲ್ಲಿ ಮಗ ಹರ್ಬರ್ಟ್ ಅಮೆರಿಕದ 10ನೇ ಪರ್ವತ ಡಿವಿಷನ್ ಸೇರಿ ಇಟಲಿಯಲ್ಲಿ ಹೋರಾಡಿ ಶೌರ್ಯಪದಕ ಪಡೆದರು. ಒಂದು ಯುದ್ಧದಲ್ಲಿ ತಂದೆ ಆಸ್ಟ್ರಿಯಾದ ಸಮವಸ್ತ್ರ ತೊಟ್ಟರೆ, ಮತ್ತೊಂದರಲ್ಲಿ ಮಗ ಅಮೆರಿಕದ ಸಮವಸ್ತ್ರ ತೊಟ್ಟದ್ದು ಆ ಶತಮಾನದ ಏರಿಳಿತಗಳಿಗೆ ಸಾಕ್ಷಿ. ಅದೇ ಡಿವಿಷನ್‌ನಲ್ಲಿದ್ದ ಷ್ನೈಡರ್ ಅವರ ಇನ್ನೊಬ್ಬ ಶಿಷ್ಯ, ಸೇಂಟ್ ಆಂಟನ್‌ನ ಫ್ರೀಡ್ಲ್ ಫೈಫರ್, ಯುದ್ಧದ ನಂತರ ಕೊಲರಾಡೊದ ಆಸ್ಪೆನ್‌ನಲ್ಲಿ ಸ್ಕೀ ಶಾಲೆ ಕಟ್ಟಿದರು. ಒಟ್ಟೊ ಲಾಂಗ್ ಅಮೆರಿಕದ ಪಶ್ಚಿಮ ಭಾಗದಲ್ಲಿ ಅದೇ ಪಾಠವನ್ನು ಹರಡಿದರು. ಹೀಗೆ ಹಳ್ಳಿಯೊಂದರ ಶಾಲೆ ಶಿಷ್ಯರ ಮೂಲಕ ಖಂಡಾಂತರಗೊಂಡಿತು.

ಯುದ್ಧ ಮುಗಿದ ಮೇಲೂ ಷ್ನೈಡರ್ ನಾರ್ತ್ ಕಾನ್ವೇಯನ್ನೇ ತಮ್ಮ ಊರಾಗಿ ಉಳಿಸಿಕೊಂಡರು. 1955ರ ಏಪ್ರಿಲ್ 26ರಂದು, 64ನೇ ವಯಸ್ಸಿನಲ್ಲಿ, ಅಲ್ಲಿಯೇ ನಿಧನರಾದರು. ತಂದೆಯ ನಂತರ ಹರ್ಬರ್ಟ್ ಶಾಲೆಯ ಹೊಣೆ ಹೊತ್ತರು. ಕ್ರಾನ್‌ಮೋರ್‌ನಲ್ಲಿ 1997ರಿಂದ ಷ್ನೈಡರ್ ಹೆಸರಿನ ಸ್ಪರ್ಧೆಯೂ ನಡೆಯುತ್ತ ಬಂದಿದೆ. ಅವರನ್ನು ಒಮ್ಮೆ ಹೊರದೂಡಿದ ಸೇಂಟ್ ಆಂಟನ್‌ನಲ್ಲಿಯೂ ಇಂದು ಅವರ ಪ್ರತಿಮೆ ನಿಂತಿದೆ.

ಉಳಿದದ್ದು, ಅಳಿದದ್ದು

ಷ್ನೈಡರ್ ಕಲಿಸಿದ ಎಲ್ಲವೂ ಹಾಗೆಯೇ ಉಳಿದಿಲ್ಲ. ಅವರು ಬದುಕಿದ್ದಾಗಲೇ, 1930ರ ದಶಕದಲ್ಲಿ, ಆಸ್ಟ್ರಿಯಾದ ಟೋನಿ ಸೀಲೋಸ್ ಸ್ಪರ್ಧೆಗಳಲ್ಲಿ ಸಮಾನಾಂತರ ತಿರುವಿನ ಮೇಲುಗೈಯನ್ನು ತೋರಿಸಿದರು. ಫ್ರಾನ್ಸ್‌ನ ಎಮಿಲ್ ಅಲ್ಲೆ ಸ್ಟೆಮ್ ಅನ್ನೇ ಕೈಬಿಡುವ ಮಾರ್ಗ ಹಿಡಿದರು. 1950ರ ದಶಕದಲ್ಲಿ ಸೇಂಟ್ ಕ್ರಿಸ್ಟೋಫ್‌ನ ಸರ್ಕಾರಿ ತರಬೇತಿ ಕೇಂದ್ರದಲ್ಲಿದ್ದ ಸ್ಟೆಫಾನ್ ಕ್ರುಕನ್‌ಹೌಸರ್, ಕಾಲುಗಳನ್ನು ಜೋಡಿಸಿ ಪುಟ್ಟ ಪುಟ್ಟ ತಿರುವು ಹಾಕುವ ವೇಡೆಲ್ನ್ ಶೈಲಿಯನ್ನು ಪ್ರಚುರಪಡಿಸಿದರು. ಸ್ಕೀಗಳ ಆಕಾರ ಬದಲಾಯಿತು. 1990ರ ದಶಕದಿಂದ ನಡು ಸಪೂರವಾದ ಸ್ಕೀಗಳು ಬಂದ ಮೇಲೆ ತಿರುವು ಇನ್ನಷ್ಟು ಸುಲಭವಾಯಿತು. ತಗ್ಗಿದ ಹಳೆಯ ಭಂಗಿಯನ್ನು ಇಂದು ಯಾರೂ ಕಲಿಸುವುದಿಲ್ಲ.

ಉಳಿದದ್ದು ಮೆಟ್ಟಿಲು. 1951ರಲ್ಲಿ ವಿವಿಧ ದೇಶಗಳ ಸ್ಕೀ ಶಿಕ್ಷಕರ ಮೊದಲ ಇಂಟರ್‌ಸ್ಕೀ ಸಮಾವೇಶ ನಡೆದದ್ದು ಆರ್ಲ್‌ಬರ್ಗ್‌ನ ತ್ಸ್ಯೂರ್ಸ್‌ನಲ್ಲಿ ಎಂಬುದು ಅರ್ಥಪೂರ್ಣ. 1961ರಲ್ಲಿ ಅಮೆರಿಕದ ವೃತ್ತಿಪರ ಸ್ಕೀ ಶಿಕ್ಷಕರ ಸಂಘ ಸ್ಥಾಪನೆಯಾಯಿತು. ದೇಶ ದೇಶಗಳಲ್ಲಿ ಪ್ರಮಾಣಪತ್ರಗಳ ಹಂತಗಳು ರೂಪುಗೊಂಡವು. ಎಲ್ಲ ಕಡೆಯೂ ಮೊದಲ ಹಂತವನ್ನು ಪೂರೈಸಿದವರಿಗೆ ಸಾಮಾನ್ಯವಾಗಿ ಸಿಗುವ ಜವಾಬ್ದಾರಿ ಆರಂಭಿಕರ ತರಗತಿಯೇ.

ಆ ಹಂತಕ್ಕೆ ಸಿದ್ಧತೆ ಮಾಡಿಕೊಳ್ಳುವವರಿಗೆ ಷ್ನೈಡರ್ ಅವರ ಬದುಕಿನಿಂದ ದೊರೆಯುವ ಮಾರ್ಗದರ್ಶನ ನೇರವಾದದ್ದು. ಕಡಿದಾದ ಇಳಿಜಾರಿನಲ್ಲಿ ಇನ್ನಷ್ಟು ಚುರುಕಾಗುವುದಕ್ಕಿಂತ, ಹಿಮನೇಗಿಲನ್ನು ನಿಧಾನವಾಗಿ, ತಪ್ಪಿಲ್ಲದೆ, ಬೇಕಾದ ಕಡೆ ನಿಲ್ಲಿಸಿ ತೋರಿಸುವ ಅಭ್ಯಾಸಕ್ಕೆ ಹೆಚ್ಚು ಸಮಯ ಕೊಡಬೇಕು. ಒಂದೊಂದು ಚಲನೆಯನ್ನೂ ಚಿಕ್ಕ ವಾಕ್ಯಗಳಲ್ಲಿ ಬಿಡಿಸಿ ಹೇಳಲು ಕಲಿಯಬೇಕು. ಇಳಿಜಾರಿನಲ್ಲಿ ಗುಂಪನ್ನು ಎಲ್ಲಿ ನಿಲ್ಲಿಸಬೇಕು, ಮೇಲಿನಿಂದ ಬರುವವರಿಗೆ ಹೇಗೆ ಕಾಣಿಸಿಕೊಳ್ಳಬೇಕು ಎಂಬುದು ರೂಢಿಯಾಗಬೇಕು. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 1967ರಲ್ಲಿ ಅಂಗೀಕರಿಸಿದ ನಡವಳಿಕೆಯ ಹತ್ತು ನಿಯಮಗಳು ಬಾಯಿಪಾಠವಾಗಿದ್ದರೆ ಸಾಲದು, ಕಾಲಿಗೂ ಬರಬೇಕು. ಪ್ರಥಮ ಚಿಕಿತ್ಸೆಯ ಅರಿವಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಎದುರಿಗೆ ನಿಂತವರ ಭಯವನ್ನು ಗೌರವಿಸಬೇಕು.

ಷ್ನೈಡರ್ ಅವರಿಂದ ಊರು, ಶಾಲೆ, ಗೆಳೆಯ ಎಲ್ಲವನ್ನೂ ಕಸಿದುಕೊಳ್ಳಲು ಅಧಿಕಾರದಲ್ಲಿದ್ದವರಿಗೆ ಸಾಧ್ಯವಾಯಿತು. ಶಿಷ್ಯರಿಗೆ ಅವರು ದಾಟಿಸಿದ್ದ ಪಾಠವನ್ನು ಮಾತ್ರ ಕಸಿಯಲಾಗಲಿಲ್ಲ. ಇಂದಿಗೂ ಹಿಮ ಬೀಳುವ ನಾಡುಗಳ ಸ್ಕೀ ಶಾಲೆಗಳಲ್ಲಿ ಹೊಸಬರಿಗೆ ಮೊದಲು ನಿಲ್ಲುವುದನ್ನು ಕಲಿಸಿ, ಆಮೇಲೆ ತಿರುಗುವುದನ್ನು ಹೇಳಿಕೊಡಲಾಗುತ್ತಿದೆ.